ಪರೀಕ್ಷೆ ಮುಗಿದ ಮರುದಿನವೇ ಮೈದಾನಕ್ಕೆ ಅಟ್ಟಬೇಡಿ

ಏಪ್ರಿಲ್ ಬಂತೆಂದರೆ ನಮ್ಮ ಕೆಂಗೇರಿ ಉಪನಗರದ ಗೋಡೆ-ಗೇಟುಗಳಿಗೆಲ್ಲ ಬೇಸಿಗೆ ಶಿಬಿರದ ಬ್ಯಾನರು ಬೀಳುತ್ತವೆ. ಕ್ರಿಕೆಟ್ಟು, ಫುಟ್‌ಬಾಲು, ಸ್ಕೇಟಿಂಗು, ಅಥ್ಲೆಟಿಕ್ಸು. ನಿನ್ನೆಯವರೆಗೆ ಫ್ಯಾನಿನ ಕೆಳಗೆ ಕೂತು ಓದುತ್ತಿದ್ದ ಮಗುವನ್ನು ಇವತ್ತು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೀವು ಹೊರಟೇಬಿಡುತ್ತೀರಿ. ಮೊಬೈಲು ಬಿಟ್ಟು ಮೈದಾನಕ್ಕೆ ಇಳಿಯಲಿ ಎಂಬ ನಿಮ್ಮ ಆಸೆಯಲ್ಲಿ ತಪ್ಪಿಲ್ಲ, ನನಗೂ ಅದೇ ಬೇಕು. ಆದರೆ ಕಿಕ್ ಹೊಡೆಯುವ ಮುಂಚೆ ನನ್ನ ಮಾತೊಂದಿಷ್ಟು ಕೇಳಿಸಿಕೊಂಡು ಹೋಗಿ. ಬಿಸಿಲಲ್ಲಿ ಆಡುವ ಮಕ್ಕಳಿಗೆ ಕಷ್ಟ ಬರುವುದು ಬಹುಪಾಲು ಅಭ್ಯಾಸದ ಮೊದಲ ಒಂದೆರಡು ವಾರದಲ್ಲೇ. ನಿಮ್ಮ ಉತ್ಸಾಹ, ಕೋಚ್ ಉತ್ಸಾಹ, ಮಗುವಿನ ಉತ್ಸಾಹ ಮೂರೂ ಉಕ್ಕುತ್ತಿರುವುದೂ ಆಗಲೇ.

"ಬೆಂಗಳೂರಲ್ಲೇನು ಮಹಾ ಬಿಸಿಲು ಬಿಡಿ, ರಾಯಚೂರಿಗೆ ಹೋಗಿ ನೋಡಿ" ಅನ್ನುತ್ತೀರಿ. ಗೊತ್ತು. ಬಯಲು ಪ್ರದೇಶದಲ್ಲಿ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಸಾರಬೇಕಾದರೆ ಪಾದರಸ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ನಮ್ಮೂರಿನ ಏಪ್ರಿಲ್ ದಾಖಲೆ 2016ರ 39.2 ಡಿಗ್ರಿ. ಹಾಗಾಗಿ ನಮಗೆ ಎಚ್ಚರಿಕೆಯ ಗಂಟೆಯೇ ಬಾರಿಸುವುದಿಲ್ಲ, ನಾವೂ ಆರಾಮಾಗಿ ಇದ್ದುಬಿಡುತ್ತೇವೆ. 2024ರ ಏಪ್ರಿಲ್ 28ರಂದು ಬೆಂಗಳೂರಲ್ಲಿ 38.5 ಡಿಗ್ರಿ ದಾಖಲಾಯಿತು. ಆ ತಿಂಗಳು ನಗರಕ್ಕೆ ಲೆಕ್ಕಕ್ಕೆ ಸಿಗುವಂಥ ಒಂದು ಮಳೆಯೂ ಬೀಳಲಿಲ್ಲ, ಅಂಥ ಏಪ್ರಿಲ್ 1983ರ ನಂತರ ಬಂದಿರಲೇ ಇಲ್ಲ. ಇನ್ನೊಂದು ವಿಷಯ ತಿಳಿದುಕೊಳ್ಳಿ. ಇಲಾಖೆಯವರು ಅಳೆಯುವುದು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗಿನ ನೆರಳಿನ ಶಾಖವನ್ನು. ನಿಮ್ಮ ಮಗು ಆಡುವುದು ಆ ಪೆಟ್ಟಿಗೆಯೊಳಗಲ್ಲವಲ್ಲ. ಮೊಬೈಲ್ ತೋರಿಸುವ ಅಂಕಿ ನೋಡಿ "ಮೂವತ್ನಾಲ್ಕೇ ತಾನೆ" ಅನ್ನುವ ಅಭ್ಯಾಸ ಬಿಡಿ.

ಅದೂ ಅಲ್ಲದೆ ಆಡುವ ಮಗುವಿಗೆ ಬಿಸಿ ಬರೋದು ಬರೀ ಮೇಲಿನಿಂದಲ್ಲ. ಓಡುವಾಗ ಮಾಂಸಖಂಡಗಳು ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗವಷ್ಟೇ ಓಟಕ್ಕೆ ದಕ್ಕುತ್ತದೆ, ಮಿಕ್ಕಿದ್ದು ಶಾಖವಾಗಿ ಮೈಯೊಳಗೇ ಸೇರುತ್ತದೆ. ಅದನ್ನು ಹೊರಗೆ ಹಾಕಲು ದೇಹಕ್ಕೆ ಇರುವ ದೊಡ್ಡ ಉಪಾಯ ಬೆವರು. ಬೆವರು ಸುರಿದರೆ ಸಾಲದು, ಅದು ಆರಬೇಕು, ಆಗಲೇ ಮೈ ತಣ್ಣಗಾಗುವುದು. ಸಂಜೆ ನಾಲ್ಕು ಹನಿ ಉದುರಿ ನಿಂತ ಮೇಲೆ ಧಗೆ ಏಳುತ್ತದಲ್ಲ, ಆಗ ಬೆವರು ಆರದೆ ಮೈಮೇಲೇ ನಿಲ್ಲುತ್ತದೆ. ಮಳೆ ಬಂತು, ತಂಪಾಯಿತು, ಇನ್ನೊಂದು ಗಂಟೆ ಆಡಿಸೋಣ ಅನ್ನುವ ಕೋಚ್‌ಗಳು ಇದನ್ನು ಗಮನಿಸಬೇಕು. ಅಂದಹಾಗೆ, ಅಶ್ವಿನಿ-ಭರಣಿ ಮಳೆ ಗುಡುಗಿಲ್ಲದೆ ಬರುವುದು ಕಮ್ಮಿ. ಗುಡುಗು ಕೇಳಿದ ಕೂಡಲೇ ಮಕ್ಕಳನ್ನು ಮೈದಾನದಿಂದ ಕಟ್ಟಡದೊಳಕ್ಕೆ ಕರೆತನ್ನಿ, ಮರದ ಕೆಳಗೆ ನಿಲ್ಲಿಸಬೇಡಿ.

ನಮ್ಮ ದೇಹ ಜಾಣ. ದಿನವೂ ಒಂದಿಷ್ಟು ಹೊತ್ತು ಬಿಸಿಲಲ್ಲಿ ದುಡಿಸಿದರೆ ಹತ್ತು-ಹದಿನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತದೆ. ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಅದೇ ಓಟಕ್ಕೆ ಎದೆ ಬಡಿತ ಮೊದಲಿನಷ್ಟು ಏರುವುದಿಲ್ಲ. ಆದರೆ ಇದನ್ನು ಕೂಡಿಟ್ಟುಕೊಳ್ಳಲು ಬರುವುದಿಲ್ಲ. ಕೆಲವು ವಾರ ಬಿಸಿಲಿಗೆ ಹೋಗದಿದ್ದರೆ ಕರಗಿಹೋಗುತ್ತದೆ. ಜನವರಿಯಲ್ಲಿ ಶಾಲೆಯ ಕ್ರೀಡಾಕೂಟದಲ್ಲಿ ಗೆದ್ದು ಬಂದ ಹುಡುಗಿಯೇ ಆಗಿರಲಿ, ಮಾರ್ಚ್ ಪೂರಾ ಒಳಗೆ ಕೂತು ಓದಿದ್ದರೆ ಏಪ್ರಿಲ್‌ನ ಬಿಸಿಲಿಗೆ ಅವಳು ಹೊಸಬಳೇ.

ಅಮೆರಿಕದ ಕೋರಿ ಸ್ಟ್ರಿಂಗರ್ ಎಂಬ ಫುಟ್‌ಬಾಲ್ ಆಟಗಾರನ ವಿಷಯ ಹೇಳುತ್ತೇನೆ. ಅವರ ಫುಟ್‌ಬಾಲು ನಮ್ಮದಲ್ಲ, ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು ಕಟ್ಟಿ ಆಡುವಂಥದ್ದು. ವಯಸ್ಸು 27, ಆಳೆತ್ತರದ ಗಟ್ಟಿಗ, ದೇಶವೇ ಬಲ್ಲ ವೃತ್ತಿಪರ ಆಟಗಾರ. 2001ರ ಜುಲೈ 31ರಂದು, ತಂಡದ ತರಬೇತಿ ಶಿಬಿರದ ಎರಡನೇ ದಿನ ಬಿಸಿಲಲ್ಲಿ ಅಭ್ಯಾಸ ಮಾಡುತ್ತಾ ಕುಸಿದ, ಮರುದಿನ ತೀರಿಕೊಂಡ. ಆತನ ಹೆಸರಿನಲ್ಲೇ 2010ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಒಂದು ಸಂಸ್ಥೆ ಹುಟ್ಟಿತು. ಅಮೆರಿಕದ ಕ್ರೀಡಾ ಆರೋಗ್ಯ ತಜ್ಞರು ಪ್ರೌಢಶಾಲೆ ಮಕ್ಕಳಿಗೆಂದು 2009ರಲ್ಲೇ ಹದಿನಾಲ್ಕು ದಿನದ ಒಂದು ಕ್ರಮ ಹಾಕಿಕೊಟ್ಟಿದ್ದರು. ಮೊದಲ ಐದು ದಿನ ದಿನಕ್ಕೆ ಒಂದೇ ಅಭ್ಯಾಸ. ಮೊದಲೆರಡು ದಿನ ಮೈಗೆ ಪ್ಯಾಡು ಇಲ್ಲ. ಪೂರ್ತಿ ಸಜ್ಜು ಆರನೇ ದಿನದಿಂದ.

ಇದನ್ನೇ ನಮ್ಮ ಕ್ರಿಕೆಟ್ ಶಿಬಿರಕ್ಕೆ ಹೊಂದಿಸಿಕೊಳ್ಳಿ. ಮೊದಲೆರಡು ದಿನ ಹುಡುಗರಿಗೆ ಕ್ಯಾಚು, ಥ್ರೋ, ಹಗುರವಾದ ಓಟ, ನೆರಳಲ್ಲಿ ಮಾತುಕತೆ. ಗಟ್ಟಿ ಚೆಂಡು, ಪ್ಯಾಡು, ಹೆಲ್ಮೆಟ್ಟು ಮೂರನೇ ದಿನದ ಮೇಲೆ, ಅದೂ ಹತ್ತು-ಹದಿನೈದು ನಿಮಿಷ. ಹೊಸ ಕಿಟ್ ತಂದಿದ್ದೀರಿ, ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಲಿ ಎಂಬ ಆಸೆ ಇದ್ದರೆ ಮನೆಯಲ್ಲೇ ತೆಗೆಯಿರಿ. ಚೆಸ್ಟ್ ಗಾರ್ಡು, ಥೈ ಪ್ಯಾಡು, ಹೆಲ್ಮೆಟ್ಟು ಬಿಗಿದು ಮಗುವನ್ನು ಬಿಸಿಲಲ್ಲಿ ಓಡಿಸುವುದು ಉರಿಯುವ ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಹಾಕಿದಂತೆ. ಬ್ಯಾಟಿಂಗ್ ಸರದಿ ಮುಗಿದ ತಕ್ಷಣ ಹೆಲ್ಮೆಟ್ ತೆಗೆಯಲು ಹೇಳಿ. ನೆಟ್ಸ್ ಹಿಂದೆ ಸರದಿಗೆ ಕಾಯುತ್ತಾ ಅರ್ಧ ಗಂಟೆ ಹೆಲ್ಮೆಟ್ ಹಾಕಿಕೊಂಡೇ ನಿಲ್ಲುವ ಪೋರರನ್ನು ನೋಡಿದರೆ ನನಗೆ ಕಿವಿ ಹಿಂಡಬೇಕು ಅನ್ನಿಸುತ್ತದೆ. ಅವರ ಕಿವಿ ಅಲ್ಲ, ಅಲ್ಲೇ ಕೂತು ಮೊಬೈಲ್ ನೋಡುತ್ತಿರುವ ದೊಡ್ಡವರದ್ದು.

ಇನ್ನು ಹೊತ್ತು. ನೀವು ಬ್ಯಾಚ್ ಆರಿಸುವ ರೀತಿಯೇ ನನಗೆ ಸರಿಬರುವುದಿಲ್ಲ. ಆಫೀಸಿಗೆ ಹೋಗುವಾಗ ಬಿಟ್ಟು ಹೋಗಲು ಅನುಕೂಲ ಅಂತ ಹತ್ತು ಗಂಟೆಯ ಬ್ಯಾಚು ಕೇಳುತ್ತೀರಿ. ಸಂಜೆಯಾದರೆ ನಾಲ್ಕು ಗಂಟೆಗೇ, ಬಿಸಿಲು ಇಳಿದಿದೆ ಅಂತ. ಬೇಸಿಗೆಯಲ್ಲಿ ದಿನದ ಅತಿ ಹೆಚ್ಚು ಶಾಖ ಇರುವುದು ಎರಡರಿಂದ ನಾಲ್ಕರ ನಡುವೆ, ನಾಲ್ಕಕ್ಕೆ ನೆಲ ಇನ್ನೂ ಕಾದೇ ಇರುತ್ತದೆ. ಬೆಳಗ್ಗೆ ಆರರಿಂದ ಎಂಟು, ಸಂಜೆ ಐದೂವರೆ ಮೇಲೆ. ಇದರಾಚೆಗೆ ಬ್ಯಾಚು ಇಟ್ಟವರಿಗೆ ದುಡ್ಡು ಕಟ್ಟಬೇಡಿ. ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಇದೆ. ನೆರಳಲ್ಲಿ ಕೂತು ಕಡತ ನೋಡುವವರಿಗೇ ಅಷ್ಟು ಅನುಕೂಲವಾದರೆ, ಬಯಲಲ್ಲಿ ಓಡುವ ಮಗುವಿಗೆ ಎಷ್ಟಿರಬೇಕು? 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಓಟವನ್ನು ಸೆಕೆಗೆ ಹೆದರಿ ನಡುರಾತ್ರಿ ಶುರುಮಾಡಿದರು. ಆದರೂ ಹೊರಟ 68 ಮಂದಿಯಲ್ಲಿ 28 ಮಂದಿ ಗುರಿ ಮುಟ್ಟಲಿಲ್ಲ. ಅವರೆಲ್ಲ ಜಗತ್ತಿನ ಆಯ್ದ ಓಟಗಾರ್ತಿಯರು. ನಮ್ಮೂರಲ್ಲೂ ಆ 38.5 ಡಿಗ್ರಿಯ ಭಾನುವಾರವೇ 10ಕೆ ಓಟ ನಡೆಯಿತು, ಬಿಸಿಲು ಏರುವ ಮುಂಚೆ ಬೆಳಗ್ಗೆ ಬೆಳಗ್ಗೆಯೇ.

ನೆಲದ ವಿಷಯಕ್ಕೆ ಬಂದರೆ, ಈಗ ಎಲ್ಲಿ ನೋಡಿದರೂ ಬಲೆ ಕಟ್ಟಿದ ಹಸಿರು ಟರ್ಫು. ಹುಲ್ಲಿನ ಹಾಗೆ ಕಂಡರೂ ಪ್ಲಾಸ್ಟಿಕ್ಕು, ಬಿಸಿಲಿಗೆ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅಂಗೈಯನ್ನು ಅದರ ಮೇಲೆ ಒಂದಿಷ್ಟು ಹೊತ್ತು ಊರಿ ನೋಡಿ. ನಿಮಗೆ ತಡೆಯಲಾಗದಿದ್ದರೆ ಮಗುವನ್ನು ಇಳಿಸಬೇಡಿ. ಬಟ್ಟೆ ತಿಳಿ ಬಣ್ಣದ್ದು, ಸಡಿಲವಾದದ್ದು ಇರಲಿ. ಕಪ್ಪು ಜೆರ್ಸಿ ಎಷ್ಟೇ ಚೆಂದ ಕಂಡರೂ ಅದು ರಾತ್ರಿಯ ಪಂದ್ಯಕ್ಕೆ.

ಈಗ ನೀರು. ಅರ್ಧ ಲೀಟರಿನ ಚಿತ್ತಾರದ ಸ್ಟೀಲ್ ಬಾಟಲು ಕೊಟ್ಟು ಕಳಿಸಿ, ಎರಡು ಗಂಟೆಯ ಆಟಕ್ಕೆ ಅದೇ ಸಾಕು ಅಂದುಕೊಂಡಿರುತ್ತೀರಿ. ಸಾಲದು. ಒಂಬತ್ತರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಆಡುವಾಗ ಪ್ರತಿ ಇಪ್ಪತ್ತು ನಿಮಿಷಕ್ಕೆ 100ರಿಂದ 250 ಮಿಲಿ ನೀರು ಬೇಕು, ಹದಿಹರೆಯದವರಿಗೆ ಇನ್ನೂ ಹೆಚ್ಚು. ಬಾಯಿ ಒಣಗುವವರೆಗೆ ಕಾಯುವುದು ಬಾಯಾರಿದಾಗ ಬಾವಿ ತೋಡಿದ ಹಾಗೆ. ಆಟಕ್ಕೆ ಮುಂಚೆ ಒಂದು ಲೋಟ ಕುಡಿದು ಹೋಗಲಿ. ಮೂತ್ರ ತಿಳಿಯಾಗಿದ್ದರೆ ಸರಿ, ಗಾಢ ಹಳದಿ ಇದ್ದರೆ ಸಾಲಲಿಲ್ಲವೆಂದು ಅರ್ಥ. ಇದನ್ನು ಮಕ್ಕಳಿಗೆ ನಾಚಿಕೆಯಿಲ್ಲದೆ ಹೇಳಿಕೊಡಿ, ಅವರೇ ನೋಡಿಕೊಳ್ಳುತ್ತಾರೆ. ಹೆಣ್ಣುಮಕ್ಕಳು ಮೈದಾನದಲ್ಲಿ ಶೌಚಾಲಯ ಸರಿಯಿಲ್ಲವೆಂದು ನೀರನ್ನೇ ಕುಡಿಯದೆ ಇರುತ್ತಾರೆ. ಶಿಬಿರಕ್ಕೆ ಸೇರಿಸುವ ಮುಂಚೆ ಕೋಚ್ ಪಡೆದ ಪದಕಗಳನ್ನು ಕೇಳುತ್ತೀರಲ್ಲ, ಶೌಚಾಲಯವನ್ನೂ ಒಮ್ಮೆ ನೋಡಿಕೊಂಡು ಬನ್ನಿ.

ಹಾಗಂತ ಲೀಟರುಗಟ್ಟಲೆ ಬರೀ ನೀರು ಸುರಿಯಲೂಬೇಡಿ. ಅತಿಯಾದರೆ ಅಮೃತವೂ ವಿಷ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ ಓಟಗಾರರ ಪೈಕಿ ಶೇ 13ರಷ್ಟು ಮಂದಿಯ ರಕ್ತದಲ್ಲಿ ಸೋಡಿಯಂ ಇಳಿದಿತ್ತು, ಅತಿಯಾಗಿ ಕುಡಿದದ್ದೇ ಅದಕ್ಕೆ ಮುಖ್ಯ ಕಾರಣ. ಒಂದು ಗಂಟೆಗಿಂತ ಹೆಚ್ಚು ಆಡಿದರೆ ಉಪ್ಪೂ ಸೇರಬೇಕು. ಅದಕ್ಕೆ ಬಣ್ಣಬಣ್ಣದ ಬಾಟಲು ಬೇಡ. ನಮ್ಮ ನೀರು ಮಜ್ಜಿಗೆಗೆ ಉಪ್ಪು, ಇಂಗು, ಕೊತ್ತಂಬರಿ ಹಾಕಿ ಕೊಡಿ. ರಾಮನವಮಿಗೆ ಬೀದಿ ಬೀದಿಯಲ್ಲಿ ಪಾನಕ-ಮಜ್ಜಿಗೆ ಹಂಚುವುದು ಈ ಬಿಸಿಲ ಕಾಲದಲ್ಲೇ ಅಲ್ಲವೇ? ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮದ್ದೂರು ಕಡೆಯಿಂದ ಮೈಸೂರು ರಸ್ತೆಗುಂಟ ಬರುವ ಎಳನೀರು, ಕಲ್ಲಂಗಡಿ, ಸೌತೆಕಾಯಿ ಯಾವುದಾದರೂ ಆದೀತು. ಓಆರ್‌ಎಸ್ ಕೊಡುವುದಾದರೆ ಔಷಧಿ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್ ಕೇಳಿ ತನ್ನಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೀಟರ್ ನೀರಿಗೇ ಕದಡಿ, ಅರ್ಧರ್ಧ ಮಾಡಬೇಡಿ. ಸಕ್ಕರೆ ಪಾನೀಯಕ್ಕೆ ಓಆರ್‌ಎಸ್ ಎಂಬ ಹೆಸರು ಅಂಟಿಸಿ ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಅಷ್ಟು ವರ್ಷ ನಾವೆಲ್ಲ ಮಕ್ಕಳಿಗೆ ಅದನ್ನೇ ಪ್ರೀತಿಯಿಂದ ಕುಡಿಸಿದ್ದೆವು, ಬಿಡಿ. ಪ್ಯಾಕೆಟ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮ ಮಾಡಿ ಅಳೆದು ಹಾಕಿ. ಎನರ್ಜಿ ಡ್ರಿಂಕ್ ಮಾತ್ರ ಹತ್ತಿರ ಸೇರಿಸಬೇಡಿ.

ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಹೋಗಬೇಕಾದ ಮಗು ಹಿಂದಿನ ರಾತ್ರಿ ಐಪಿಎಲ್ ಕೊನೆಯ ಓವರ್‌ವರೆಗೆ ಎದ್ದು ಕೂತಿರುತ್ತದೆ. ನೀವೂ ಪಕ್ಕದಲ್ಲೇ ಕೂತಿರುತ್ತೀರಿ, ಇನ್ನು ಯಾರನ್ನು ಬೈಯಲಿ? ನಿದ್ದೆಗೆಟ್ಟ ದೇಹ ಬಿಸಿಲನ್ನು ಸರಿಯಾಗಿ ತಡೆದುಕೊಳ್ಳುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ, ಎರಡು ಬಾಳೆಹಣ್ಣಾದರೂ ತಿಂದು ಹೋಗಲಿ. ಜ್ವರ, ವಾಂತಿ, ಭೇದಿ ಆಗಿ ಚೇತರಿಸಿಕೊಂಡ ಮಗುವನ್ನು ಒಂದಷ್ಟು ದಿನ ಮನೆಯಲ್ಲೇ ಇಟ್ಟುಕೊಳ್ಳಿ. ನೆಗಡಿ-ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳೂ ಬೆವರನ್ನು ತಗ್ಗಿಸುತ್ತವೆ, ವೈದ್ಯರನ್ನು ಕೇಳಿ. ಉಪವಾಸ ಹಿಡಿದ ಮಕ್ಕಳಿದ್ದರೆ, ಅದು ರಂಜಾನ್ ಇರಲಿ ಏಕಾದಶಿ ಇರಲಿ, ಕೋಚ್‌ಗೆ ಮೊದಲೇ ತಿಳಿಸಿ. ಮೈ ಸ್ವಲ್ಪ ದಪ್ಪವಿರುವ ಮಗುವಿಗೆ "ಕರಗಲಿ" ಅಂತ ಎರಡು ಸುತ್ತು ಹೆಚ್ಚು ಓಡಿಸುವವರಿದ್ದಾರೆ. ಅಪಾಯ ಹೆಚ್ಚಿರುವುದೇ ಆ ಮಗುವಿಗೆ.

ಕೋಚ್ ಆಗಿರುವ ನಮ್ಮ ಹುಡುಗರಿಗೂ ಎರಡು ಮಾತು. ನೀವು ಕಷ್ಟಪಟ್ಟು ಮೇಲೆ ಬಂದವರು, ಮಕ್ಕಳೂ ಗಟ್ಟಿಯಾಗಲಿ ಅನ್ನುವ ಕಾಳಜಿ ನಿಮ್ಮದು, ಒಪ್ಪಿದೆ. ಆದರೆ ತಡವಾಗಿ ಬಂದದ್ದಕ್ಕೆ ಐದು ರೌಂಡು, ಕ್ಯಾಚ್ ಬಿಟ್ಟದ್ದಕ್ಕೆ ಹತ್ತು ರೌಂಡು ಎಂಬ ಶಿಕ್ಷೆ ನಿಲ್ಲಿಸಿ. ಆಡುವ ಮಗುವಿಗೆ ಸುಸ್ತಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಶಿಕ್ಷೆಗೆ ಓಡುವ ಮಗುವಿಗೆ ಆ ಸ್ವಾತಂತ್ರ್ಯ ಇರುವುದಿಲ್ಲ. ನೀರು ಕುಡಿಯಲು ಅಪ್ಪಣೆ ಕೇಳುವಂತೆ ಮಾಡಬೇಡಿ. ಐಪಿಎಲ್‌ನಲ್ಲೇ ಪ್ರತಿ ಇನ್ನಿಂಗ್ಸ್‌ಗೆ ಎರಡು ಟೈಮ್ ಔಟ್ ಇದೆ, ಅದೂ ಬಹುಪಾಲು ರಾತ್ರಿಯ ಆಟ. ನೀವು ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಎಲ್ಲರನ್ನೂ ನೆರಳಿಗೆ ಕರೆಯಿರಿ. ಅಳುವ ಮಗುವಿಗಷ್ಟೇ ಹಾಲು ಎಂಬ ಲೆಕ್ಕ ಮೈದಾನದಲ್ಲಿ ನಡೆಯುವುದಿಲ್ಲ. ಬಾಯಿಬಿಟ್ಟು ಹೇಳದ ಮಗು, ಜಿಲ್ಲಾ ತಂಡಕ್ಕೆ ಆಯ್ಕೆ ಆಗಬೇಕು ಎಂಬ ಹಟದಲ್ಲಿರುವ ಮಗು, ಅದನ್ನೇ ಹೆಚ್ಚು ನೋಡಬೇಕು. ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಮೆಟ್ರೋ ಹತ್ತಿ ಪಟ್ಟಣಗೆರೆ ದಾಟಿದರೆ ಜ್ಞಾನಭಾರತಿ. ಅಲ್ಲೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಆ ಗೇಟಿನೊಳಗೆ ಹೋಗುವ ಕನಸು ಕಾಣುತ್ತಿರುವ ಮಗು "ನನಗೆ ತಲೆ ಸುತ್ತುತ್ತಿದೆ ಸಾರ್" ಎಂದು ತಾನಾಗಿ ಹೇಳೀತೇ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಮಕ್ಕಳ ಮೈ ಬಿಸಿಲಿಗೆ ವಿಶೇಷವಾಗಿ ದುರ್ಬಲವೇನಲ್ಲ, ಸಾಲದ ನೀರು, ಮಿತಿಮೀರಿದ ದುಡಿತ, ವಿಶ್ರಾಂತಿಯಿಲ್ಲದ ವೇಳಾಪಟ್ಟಿ ಅವರನ್ನು ಬೀಳಿಸುತ್ತವೆ. ವೇಳಾಪಟ್ಟಿ ಬರೆಯುವವರು ನೀವು ತಾನೆ.

ಮಗು ನಿಜಕ್ಕೂ ಬಿದ್ದರೆ ಏನು ಮಾಡಬೇಕು? ಇದನ್ನು ನಿಧಾನವಾಗಿ ಓದಿ. ಕಾಲಿನ ಮಾಂಸಖಂಡ ಹಿಡಿದುಕೊಂಡಿತು, ಸುಸ್ತಾಯಿತು, ವಾಕರಿಕೆ ಬಂತು, ಆದರೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿದೆ ಅಂದರೆ ನೆರಳಲ್ಲಿ ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಸ್ವಲ್ಪ ಸ್ವಲ್ಪವಾಗಿ ಉಪ್ಪು ಹಾಕಿದ ಮಜ್ಜಿಗೆಯೋ ಓಆರ್‌ಎಸ್ಸೋ ಕುಡಿಸಿ. ಅವತ್ತಿನ ಆಟ ಮುಗಿಯಿತು. ಆದರೆ ಮಾತು ತೊದಲುತ್ತಿದೆ, ಹೆಜ್ಜೆ ತಪ್ಪುತ್ತಿದೆ, ಸುಮ್ಮಸುಮ್ಮನೆ ರೇಗುತ್ತಿದೆ, ಯಾವ ಮೈದಾನ ಎಂದರೆ ಗೊತ್ತಿಲ್ಲ ಅನ್ನುತ್ತಿದೆ, ಇಲ್ಲವೇ ಎಚ್ಚರ ತಪ್ಪಿದೆ ಎಂದಾದರೆ ಅದು ಬಿಸಿಲಾಘಾತ ಎಂದೇ ತಿಳಿಯಿರಿ. ಬಿಸಿಲಾಘಾತವಾದರೆ ಬೆವರು ನಿಂತು ಚರ್ಮ ಒಣಗಿರುತ್ತದೆ ಎಂದು ಕೇಳಿರುತ್ತೀರಿ. ಆಡುತ್ತಾ ಬಿದ್ದವರಲ್ಲಿ ಮೈತುಂಬ ಬೆವರು ಇರುವುದೇ ಹೆಚ್ಚು, ಅದನ್ನು ನೋಡಿ ಮೋಸ ಹೋಗಬೇಡಿ. ಕಂಕುಳ ಥರ್ಮಾಮೀಟರು, ಹಣೆಗೆ ಹಿಡಿಯುವ ಗನ್ನು ಎರಡನ್ನೂ ನಂಬಬೇಡಿ. ಒಳಗೆ 40 ಡಿಗ್ರಿ ಮೀರಿದ್ದರೂ ಅವು ಕಡಿಮೆ ತೋರಿಸಬಹುದು.

ಆಗ ಮಾಡಬೇಕಾದ ಮೊದಲ ಕೆಲಸ ಮೈಯನ್ನು ತಣ್ಣಗೆ ಮಾಡುವುದು, ಆಮೇಲೆ ಆಸ್ಪತ್ರೆಗೆ ಸಾಗಿಸುವುದು. ಒಬ್ಬರು 108ಕ್ಕೆ ಕರೆ ಮಾಡುತ್ತಿರಲಿ, ಇನ್ನೊಬ್ಬರು ಕೆಲಸ ಶುರುಮಾಡಲಿ. ಮೈಸೂರು ರಸ್ತೆಯ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಬಿಸಿ ಏರಿದ ಮೈಯಲ್ಲಿ ಮಿದುಳು, ಪಿತ್ತಜನಕಾಂಗ, ಮೂತ್ರಪಿಂಡ ಒಂದೊಂದಾಗಿ ಕೆಡುತ್ತಿರುತ್ತವೆ, ಬಿದ್ದ ಅರ್ಧ ಗಂಟೆಯೊಳಗೆ ಮೈ ತಣ್ಣಗಾದರೆ ಹೆಚ್ಚು ಕಡಿಮೆ ಎಲ್ಲರೂ ಬದುಕುತ್ತಾರೆ. ಪ್ಯಾಡು, ಶೂ, ಮೇಲಂಗಿ ಬಿಚ್ಚಿ. ದೊಡ್ಡ ಟಬ್ಬಿನಲ್ಲಿ ನೀರು ತುಂಬಿ ಐಸ್ ಸುರಿದು ಕುತ್ತಿಗೆವರೆಗೆ ಮುಳುಗಿಸಿ, ಒಬ್ಬರು ಕಂಕುಳಡಿ ಕೈ ಹಾಕಿ ತಲೆ ಮುಳುಗದಂತೆ ಹಿಡಿದಿರಬೇಕು, ಮತ್ತೊಬ್ಬರು ನೀರನ್ನು ಕಲಕುತ್ತಿರಬೇಕು. ಟಬ್ಬಿಲ್ಲವೇ? ಟಾರ್ಪಾಲಿನ ಮಧ್ಯೆ ಮಗುವನ್ನು ಮಲಗಿಸಿ, ನಾಲ್ಕು ಜನ ನಾಲ್ಕು ಮೂಲೆ ಎತ್ತಿ ಹಿಡಿದು ಒಳಗೆ ನೀರು-ಐಸು ಸುರಿಯಿರಿ, ಅದೇ ತೊಟ್ಟಿಯಾಗುತ್ತದೆ. ಅದೂ ಇಲ್ಲದಿದ್ದರೆ ಪೈಪು ಹಿಡಿಯಿರಿ, ತಣ್ಣೀರಲ್ಲಿ ಅದ್ದಿದ ಟವೆಲುಗಳನ್ನು ಮೈತುಂಬ ಹೊದಿಸಿ ಒಂದೆರಡು ನಿಮಿಷಕ್ಕೊಮ್ಮೆ ಬದಲಿಸಿ. ಹತ್ತು-ಹದಿನೈದು ನಿಮಿಷವಾದರೂ ಹೀಗೆ ಮಾಡಿ. ಆಂಬುಲೆನ್ಸಿನಲ್ಲೂ ಒದ್ದೆ ಬಟ್ಟೆ ಬಿಡಬೇಡಿ.

ಮಾಡಬಾರದ್ದೂ ಇದೆ. ಎಚ್ಚರ ಮಂಕಾದ ಮಗುವಿನ ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಸೋಂಕಿನ ಜ್ವರವಲ್ಲ, ಆ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಈರುಳ್ಳಿ ಮೂಸಿಸುವುದು, ಕೈಗೆ ಬೀಗದಕೈ ಗೊಂಚಲು ಹಿಡಿಸುವುದು, ಸುತ್ತ ಇಪ್ಪತ್ತು ಜನ ನಿಂತು ವಿಡಿಯೊ ಮಾಡುವುದು, ಒಂದೂ ಬೇಡ.

ಟಬ್ಬು, ಟಾರ್ಪಾಲು, ಐಸು ಆ ಗಳಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೇನು ಬಂತು? ಶಿಬಿರದ ಫೀಸು ಕಟ್ಟುವ ದಿನವೇ ಕೇಳಿ: ಐಸ್ ಬಾಕ್ಸ್ ಎಲ್ಲಿದೆ, ಟಬ್ ಎಲ್ಲಿದೆ, ಕುಡಿಯುವ ನೀರಿನ ಕ್ಯಾನ್ ಎಷ್ಟಿವೆ, ಟ್ಯಾಂಕರ್ ಬರದ ದಿನ ಏನು ಗತಿ, ಆಂಬುಲೆನ್ಸಿಗೆ ಹೇಳಬೇಕಾದ ಮೇನು, ಕ್ರಾಸು, ಹತ್ತಿರದ ಗುರುತು ಎಲ್ಲಿ ಬರೆದು ಅಂಟಿಸಿದ್ದೀರಿ. ಕೇಳಿದರೆ ಕೋಚ್ ಮುಖ ಗಂಟಿಕ್ಕಬಹುದು. ಕೇಳಿ. ನಾಲ್ಕು ತಾಯಂದಿರು ಒಟ್ಟಿಗೆ ಕೇಳಿದರೆ ಮಾರನೇ ದಿನ ಟಬ್ ಬಂದಿರುತ್ತದೆ.

ಒಮ್ಮೆ ಬಿಸಿಲಾಘಾತವಾಗಿ ಉಳಿದುಕೊಂಡ ಮಗುವಿಗೆ ಆಸ್ಪತ್ರೆಯಿಂದ ಬಂದ ಮೇಲೆ ಕಡೇಪಕ್ಷ ಒಂದು ವಾರ ಆಟ ಬೇಡವೇ ಬೇಡ. ಆಮೇಲೂ ವೈದ್ಯರು ರಕ್ತಪರೀಕ್ಷೆ ನೋಡಿ ಒಪ್ಪಿದ ಮೇಲೆ, ಮತ್ತೆ ಮೊದಲ ದಿನದ ಹಾಗೆ, ತಂಪು ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವಾಗಿ. ಅಷ್ಟರಲ್ಲಿ ಕೋಚ್ ಫೋನ್ ಮಾಡಿ "ಭಾನುವಾರ ಟೂರ್ನಮೆಂಟ್ ಇದೆ, ಕೀಪರ್ ಇಲ್ಲ, ಒಂದೇ ಮ್ಯಾಚ್ ಮೇಡಂ" ಅನ್ನುತ್ತಾರೆ. ಮಗುವೂ ಪಕ್ಕದಲ್ಲಿ ನಿಂತು ಕಣ್ಣಲ್ಲೇ ಬೇಡುತ್ತಿರುತ್ತದೆ. ವೈದ್ಯರ ಚೀಟಿ ಬರುವವರೆಗೆ ಇಲ್ಲ ಎಂದು ಹೇಳಿ ಫೋನ್ ಇಡಿ.